ಭೀಮಾ ತೀರದ ಬಾಕಿ ಮಂದಿ

(ಬಾನುಲಿ ಭಾಷಣ)



ಮೂವತ್ತು ವರ್ಷಕ್ಕೂ ಮಿಕ್ಕು ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದ ನನ್ನಂಥವನು ಬಾನುಲಿಯಲ್ಲಿ ಕುಳಿತು ಒಂದು ಸಿನಿಮಾದ, ಅದರಲ್ಲಿಯೂ ಒಬ್ಬ ಹಂತಕನ ಜೀವನವನ್ನು ಕುರಿತ ಸಿನಿಮಾದ ಮಾತೆತ್ತಿದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಪಂಪ ರನ್ನರನ್ನು ಬಿಟ್ಟು ಇವರಿಗೇಕೆ ಈ ಉಸಾಬರಿ ಎಂದು ಕೇಳುವ ಹಳೆಯ ಸ್ನೇಹಿತರೂ ಉಂಟು. ಅವರಿಗೆ ನನ್ನ ಉತ್ತರ ಇಷ್ಟೆ: ಪಂಪ ರನ್ನರನ್ನು ನಾನು ಬಿಟ್ಟಿಲ್ಲ. ಅವರು ಕಲಿಸಿದ ಒಂದು ಅಳತೆಗೋಲನ್ನು ಹಿಡಿದುಕೊಂಡೇ ಆ ಚಿತ್ರಮಂದಿರದೊಳಕ್ಕೆ ಹೋಗಿದ್ದೆ. ಹೊರಗೆ ಬರುವಾಗ ನನ್ನ ವಿದ್ಯಾರ್ಥಿಯೊಬ್ಬ ಆಡಿದ ಒಂದು ಮಾತು ಆ ಅಳತೆಗೋಲನ್ನು ನನಗೆ ಮತ್ತೊಮ್ಮೆ ನೆನಪಿಸಿತು. ಈ ಹೊತ್ತಿನ ನನ್ನ ಭಾಷಣ ಆ ಒಂದು ಮಾತಿನ ಟೀಕೆ ಎಂದು ಭಾವಿಸಿದರೂ ಸರಿಯೆ.

೨೦೧೨ನೆಯ ಇಸವಿಯ ಏಪ್ರಿಲ್ ತಿಂಗಳು. ಕಲಬುರಗಿಯ ಏಪ್ರಿಲ್ ಎಂದರೆ ಕೇಳಬೇಕೆ? ಮಧ್ಯಾಹ್ನದ ಹೊತ್ತು ಬೀದಿನಾಯಿಯೂ ನೆರಳು ಬಿಟ್ಟು ಕದಲದಂಥ ಬಿಸಿಲು. ಆಗ ಓಂಪ್ರಕಾಶ್ ರಾವ್ ನಿರ್ದೇಶಿಸಿದ, ಅಣಜಿ ನಾಗರಾಜ್ ನಿರ್ಮಿಸಿದ ‘ಭೀಮಾ ತೀರದಲ್ಲಿ’ ಎಂಬ ಚಿತ್ರ ತೆರೆ ಕಂಡಿತು. ನಾಯಕ ದುನಿಯಾ ವಿಜಯ್. ನಮ್ಮ ಸೀಮೆಯ ಕಥೆ, ನಮ್ಮ ಸೀಮೆಯ ಮಾತು, ನಮ್ಮ ಸೀಮೆಯ ನದಿಯ ಹೆಸರು. ಎಂ.ಎ. ತರಗತಿಯ ಇಬ್ಬರು ಹುಡುಗರು “ಬರ‍್ರಿ ಸರ್, ನೀವೂ ಒಮ್ಮಿ ನೋಡ್ರಿ” ಎಂದು ದುಂಬಾಲು ಬಿದ್ದರು. ಹೋದೆ. ಟಿಕೆಟ್ ಕಿಟಕಿಯ ಮುಂದೆ ನೂಕುನುಗ್ಗಲು. ಒಳಗೆ ಸಿಳ್ಳು, ಕೇಕೆ, ನಾಯಕ ಕಾಣಿಸಿಕೊಂಡಾಗ ಹಾರಿದ ಚೂರು ಕಾಗದ.

ನನ್ನ ಎಡಕ್ಕೆ ಕುಳಿತಿದ್ದ ಹುಡುಗ ಅಫಜಲಪುರ ತಾಲೂಕಿನವನು. ಅವನ ಊರು ನಿಜವಾಗಿಯೂ ಭೀಮೆಯ ದಂಡೆಯ ಮೇಲಿದೆ. ಎಲ್ಲರೂ ಸಿಳ್ಳು ಹಾಕುತ್ತಿದ್ದಾಗ ಅವನು ಮಾತ್ರ ಕೈ ಕಟ್ಟಿಕೊಂಡು ಕುಳಿತಿದ್ದ. ಹೊರಗೆ ಬಂದು ಚಹಾ ಕುಡಿಯುತ್ತ ಕೇಳಿದೆ: “ಹೆಂಗ ಅನಸ್ತೋ ತಮ್ಮಾ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕ್ಟಿಂಗ್ ಭಾಳ ಛಲೋ ಮಾಡ್ಯಾನ್ರಿ ಸರ್. ನಮ್ಮ ಮಾತೂ ಬರೋಬ್ಬರಿ ಆಡ್ಯಾನ. ಆದ್ರ ನಮ್ಮೂರಾಗ ಬಾಕಿ ಮಂದೀನೂ ಇದ್ದಾರಲ್ರಿ” ಎಂದ.

ಬಾಕಿ ಮಂದಿ! ಆ ಎರಡು ಪದಗಳನ್ನು ಇಷ್ಟು ವರ್ಷಗಳಾದರೂ ನಾನು ಮರೆತಿಲ್ಲ. ಅವುಗಳ ಬಳಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಆ ಹುಡುಗನ ವಾಕ್ಯದ ಪೂರ್ವಾರ್ಧಕ್ಕೆ, ಅಂದರೆ ನಟನಿಗೆ, ನ್ಯಾಯ ಸಲ್ಲಬೇಕು.

ಈ ಚಿತ್ರದ ಆಧಾರ ಚಂದಪ್ಪ ಹರಿಜನ ಎಂಬವನ ಜೀವನ. ಕಳೆದ ಶತಮಾನದ ಕೊನೆಯ ದಶಕದಲ್ಲಿ ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಭೀಮಾ ದಂಡೆಯ ಹಳ್ಳಿಗಳಲ್ಲಿ ಅವನದು ಭಯದ ಹೆಸರು. ಆ ಹೆಸರಿನೊಳಗೆ ಅವನ ಜಾತಿಯೂ ಸೇರಿಕೊಂಡಿತ್ತು ಎಂಬುದನ್ನು ಗಮನಿಸಬೇಕು. ಹೊಲದ ಬದುವಿನ ಜಗಳ, ಮನೆತನಗಳ ಹಗೆ, ಕೊಲೆಗೆ ಪ್ರತಿಯಾಗಿ ಕೊಲೆ, ನಾಡ ಪಿಸ್ತೂಲು, ಇವುಗಳ ನಡುವೆ ಬೆಳೆದು ಕೊನೆಗೆ ಪೊಲೀಸರ ಗುಂಡಿಗೆ ಬಿದ್ದವನು ಅವನು. ಅವನನ್ನೂ ಅವನಂಥವರನ್ನೂ ನಾಡಿಗೆಲ್ಲ ಪರಿಚಯಿಸಿದವರಲ್ಲಿ ಮುಖ್ಯರು ಪತ್ರಕರ್ತ ರವಿ ಬೆಳಗೆರೆ. ‘ಭೀಮಾ ತೀರದ ಹಂತಕರು’ ಎಂಬ ಅವರ ಪುಸ್ತಕದ ಹೆಸರು ಮುಂದೆ ಒಂದು ನುಡಿಗಟ್ಟೇ ಆಗಿಬಿಟ್ಟಿತು. ಚಿತ್ರ ಬಂದಾಗ ಈ ಕಥೆ ಯಾರದು, ಬರೆದವರದೋ ತೆಗೆದವರದೋ ಎಂದು ಲೇಖಕರಿಗೂ ಚಿತ್ರತಂಡದವರಿಗೂ ದೊಡ್ಡ ವಾಗ್ವಾದವೇ ನಡೆಯಿತು. ಆ ವ್ಯಾಜ್ಯದ ಸರಿತಪ್ಪು ನನ್ನ ವಿಷಯವಲ್ಲ. ಅಷ್ಟು ದಿನ ನಡೆದ ಆ ಜಗಳದಲ್ಲಿ ಕಥೆ ಆ ಹಳ್ಳಿಗಳವರದೂ ಆಗಿರಬಹುದೆಂದು ಯಾರಿಗೂ ತೋಚಲಿಲ್ಲವಲ್ಲ ಎಂಬುದಷ್ಟೇ ನನ್ನ ವಿಷಾದ.

ಭೂಗತ ಲೋಕದ ನಿಜ ವ್ಯಕ್ತಿಗಳನ್ನು ತೆರೆಗೆ ತರುವುದು ಕನ್ನಡಕ್ಕೆ ಆಗ ಹೊಸದಾಗಿರಲಿಲ್ಲ. ಅಗ್ನಿ ಶ್ರೀಧರ್ ಅವರ ಆತ್ಮಕಥನವನ್ನು ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ ೨೦೦೭ರಲ್ಲಿಯೇ ಬಂದಿತ್ತು. ಅದರಲ್ಲಿ ಶರತ್ ಲೋಹಿತಾಶ್ವ ಅವರು ಕೊತ್ವಾಲ್ ರಾಮಚಂದ್ರನ ಪಾತ್ರವನ್ನು ಮಾಡಿದ ರೀತಿ ಇಂದಿಗೂ ನೆನಪಿನಲ್ಲಿ ಉಳಿದಿದೆ. ೨೦೧೩ರಲ್ಲಿ ‘ಅಟ್ಟಹಾಸ’ದಲ್ಲಿ ಕಿಶೋರ್ ವೀರಪ್ಪನ್ ಆದರು. ೨೦೨೨ರಲ್ಲಿ ‘ಹೆಡ್ ಬುಷ್’ನಲ್ಲಿ ಧನಂಜಯ ಬೆಂಗಳೂರಿನ ಜಯರಾಜ್ ಆದರು. ಇವೆಲ್ಲ ಬೆಂಗಳೂರಿನ, ಇಲ್ಲವೆ ಗಡಿಯಾಚೆಗೂ ಚಾಚಿದ ದಕ್ಷಿಣದ ಕಾಡಿನ ಕಥೆಗಳು. ಬಯಲುಸೀಮೆಯ ಉತ್ತರದ ತುದಿಯ ಒಬ್ಬ ಹಂತಕನಿಗೆ ದೊಡ್ಡ ತೆರೆಯ ಮೇಲೆ ದೊಡ್ಡ ನಾಯಕನೊಬ್ಬ ಮುಖ ಕೊಟ್ಟದ್ದು ‘ಭೀಮಾ ತೀರದಲ್ಲಿ’ ಚಿತ್ರದ ವಿಶೇಷ.

ಇನ್ನು ನಟ. ವಿಜಯ್ ಅವರಿಗೆ ‘ದುನಿಯಾ’ ಎಂಬುದು ಹೆಸರಿನ ಮುಂದೆ ಬಿರುದಿನಂತೆ ಕುಳಿತಿದೆ. ಅದಕ್ಕೆ ಕಾರಣ ಸೂರಿಯವರ ನಿರ್ದೇಶನದಲ್ಲಿ ೨೦೦೭ರಲ್ಲಿ ಬಂದ ಅದೇ ಹೆಸರಿನ ಚಿತ್ರ. ವರ್ಷಗಳ ಕಾಲ ಸಣ್ಣಪುಟ್ಟ ಪಾತ್ರಗಳಲ್ಲಿ ಮುಖ ತೋರಿಸಿ ಮರೆಯಾಗುತ್ತಿದ್ದ ಈ ನಟ ಅಲ್ಲಿ ಕಲ್ಲುಕ್ವಾರಿಯ ಕೂಲಿಯಾಗಿ ಕಾಣಿಸಿಕೊಂಡರು. ಸತ್ತ ತಾಯಿಗೊಂದು ಸಮಾಧಿ ಕಟ್ಟಿಸಬೇಕೆಂಬ ಒಂದೇ ಆಸೆಯಿಂದ ಪಟ್ಟಣಕ್ಕೆ ಬಂದು ಅಲ್ಲಿಯ ಪಾತಕ ಲೋಕದ ಬಲೆಗೆ ಬೀಳುವ ಮುಗ್ಧ ಅವನು. ಆ ಪಾತ್ರದಲ್ಲಿ ಅವರು ಅಭಿನಯಿಸಿದರು ಎನ್ನುವುದಕ್ಕಿಂತ ಇದ್ದರು ಎನ್ನುವುದೇ ಸರಿ. ೨೦೦೬-೦೭ನೆಯ ಸಾಲಿನ ಶ್ರೇಷ್ಠ ನಟ ರಾಜ್ಯ ಪ್ರಶಸ್ತಿ ಅವರಿಗೆ ಸಂದಿತು.

ಆಮೇಲೆ ಏನಾಯಿತು? ಆಮೇಲೆ ಬಂದ ಚಿತ್ರಗಳ ಹೆಸರುಗಳನ್ನು ಒಮ್ಮೆ ಓದಿ ನೋಡಿ: ‘ಚಂಡ’, ‘ಜಂಗ್ಲಿ’, ‘ಕರಿ ಚಿರತೆ’, ‘ಕಂಠೀರವ’, ‘ವೀರಬಾಹು’, ‘ಜರಾಸಂಧ’. ಹೆಸರುಗಳೇ ಕಥೆ ಹೇಳುತ್ತವೆ. ಎಲ್ಲವೂ ಬಲದ ಹೆಸರುಗಳು, ತೋಳಿನ ಹೆಸರುಗಳು, ಮೃಗಗಳ ಹೆಸರುಗಳು. ಇವುಗಳಲ್ಲಿ ಕೆಲವು ಗೆದ್ದವು, ಕೆಲವು ಸೋತವು. ಗೆಲುವು ಸೋಲಿನ ಲೆಕ್ಕ ನನಗೆ ಬೇಡ. ಆದರೆ ಕಲ್ಲುಕ್ವಾರಿಯ ಆ ಹುಡುಗನ ಕಣ್ಣು ಈ ತೋಳುಗಳ ನಡುವೆ ಎಲ್ಲೋ ಕಳೆದುಹೋಗಿತ್ತು.

ನಮ್ಮ ಪೂರ್ವಿಕರು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಅಂಗಾಂಗಗಳ ಚಲನೆ ಒಂದು, ಮಾತು ಒಂದು, ವೇಷಭೂಷಣ ಒಂದು, ಒಳಗಿನ ಭಾವ ತಾನಾಗಿ ಮೈಮೇಲೆ ಮೂಡುವುದು ಇನ್ನೊಂದು. ನಟನೊಬ್ಬ ಲಯ ತಪ್ಪಿದ ಎಂದು ನಾವು ಆಡುಮಾತಿನಲ್ಲಿ ಹೇಳುವಾಗ ನಿಜವಾಗಿ ಹೇಳುತ್ತಿರುವುದೇನು? ಆಂಗಿಕವೂ ಆಹಾರ್ಯವೂ ಬೆಳೆದು ಸಾತ್ತ್ವಿಕ ಸೊರಗಿದೆ ಎಂದೇ ಅಲ್ಲವೆ? ಮೈ ಹುರಿಗಟ್ಟುತ್ತದೆ, ಅಂಗಿ ಹರಿಯುತ್ತದೆ, ಹತ್ತು ಜನ ಗಾಳಿಗೆ ಹಾರಿ ಬೀಳುತ್ತಾರೆ. ನೋಡುವವನ ಎದೆಯಲ್ಲಿ ಮಾತ್ರ ಏನೂ ಅಲುಗುವುದಿಲ್ಲ. ಹಾಗೆಯೇ, ನಟ ಮತ್ತೆ ಲಯಕ್ಕೆ ಬಂದ ಎನ್ನುವುದೂ ಸಾತ್ತ್ವಿಕದ ಮರಳುವಿಕೆಯನ್ನು ಕುರಿತ ಮಾತು.

‘ಭೀಮಾ ತೀರದಲ್ಲಿ’ ಚಿತ್ರದಲ್ಲಿ ನಾನು ಕಂಡದ್ದು ಅದನ್ನು. ಹೊಡೆದಾಟ ಅಲ್ಲಿಯೂ ಬೇಕಾದಷ್ಟಿದೆ. ಹಾಡು ಕುಣಿತಗಳೂ ಇವೆ. ವ್ಯಾಪಾರೀ ಚಿತ್ರದ ಕಟ್ಟಳೆಗಳನ್ನು ಅದು ಮುರಿದಿಲ್ಲ. ಆದರೂ ನಾಯಕ ಸುಮ್ಮನೆ ನಿಂತ ಗಳಿಗೆಗಳಲ್ಲಿ, ನೋಟವನ್ನು ನೆಲಕ್ಕೆ ಇಳಿಸಿ ಮತ್ತೆ ಎತ್ತುವ ಗಳಿಗೆಗಳಲ್ಲಿ, ಆ ಹಳೆಯ ಕಲ್ಲುಕ್ವಾರಿಯ ಹುಡುಗ ಹಿಂದಿರುಗಿ ಬಂದಿದ್ದ. ಅವಮಾನವನ್ನು ನುಂಗಿಕೊಂಡು ಬೆಳೆದವನ ದೇಹಕ್ಕೆ ಒಂದು ಬಗೆಯ ಬಿಗಿ ಇರುತ್ತದೆ. ಅದು ವ್ಯಾಯಾಮಶಾಲೆಯಲ್ಲಿ ಬರುವಂಥದಲ್ಲ. ಬಡತನವನ್ನು ದೂರದಿಂದ ಕಂಡವನು ಅದನ್ನು ಹರಕು ಬಟ್ಟೆಯಲ್ಲಿ ತೋರಿಸುತ್ತಾನೆ. ಹತ್ತಿರದಿಂದ ಬಲ್ಲವನು ಬಾಗಿಲ ಬಳಿ ನಿಲ್ಲುವ ಭಂಗಿಯಲ್ಲಿ ತೋರಿಸುತ್ತಾನೆ. ವಿಜಯ್ ಎರಡನೆಯ ಬಗೆಯ ನಟ. ಪ್ರಣೀತಾ ಅವರೊಡನೆಯ ದೃಶ್ಯಗಳಲ್ಲಿಯೂ ಈ ಒರಟನಲ್ಲಿ ಒಂದು ಸಂಕೋಚವಿತ್ತು. ಆ ಸಂಕೋಚವೇ ಚೆಲುವಾಗಿತ್ತು.

ವಾಚಿಕದ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕು. ವಿಜಯ್ ಆನೇಕಲ್ ಕಡೆಯವರು. ಭೀಮೆಯ ದಂಡೆಯ ಕನ್ನಡ ಅವರ ತಾಯಿಯ ಕನ್ನಡವಲ್ಲ. ನಮ್ಮ ಚಿತ್ರಗಳಲ್ಲಿ ಉತ್ತರದ ಕನ್ನಡಕ್ಕೆ ಬಹುಕಾಲ ದೊರಕಿದ್ದು ನಗೆಗಾರನ ಸ್ಥಾನ. ನಾಯಕ ಬೆಂಗಳೂರಿನ ಕನ್ನಡ ಆಡಬೇಕು, ಅವನ ಆಳು “ಏನ್ರೀಪಾ” ಎನ್ನಬೇಕು, ಜನ ನಗಬೇಕು. ಇಲ್ಲಿ ನಾಯಕನೇ ಆ ಮಾತನ್ನು ಆಡಿದ. ಅಲ್ಲಲ್ಲಿ ರಾಗ ಹೆಚ್ಚಾದರೂ, ಉಚ್ಚಾರ ತುಸು ಜಾರಿದರೂ, ಪ್ರೀತಿಯನ್ನೂ ಸಿಟ್ಟನ್ನೂ ದುಃಖವನ್ನೂ ಆ ಕನ್ನಡದಲ್ಲಿಯೇ ಹೊತ್ತ. ಕನ್ನಡ ಒಂದಲ್ಲ, ನಾಡಿನ ಭೇದಕ್ಕೆ ತಕ್ಕಂತೆ ಹಲವು ಎಂಬುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗಕಾರ ಗಮನಿಸಿದ್ದಾನೆ. ಆ ಗ್ರಂಥ ಹುಟ್ಟಿದ ಆಸ್ಥಾನ ಮಾನ್ಯಖೇಟದ್ದು, ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡದ್ದು. ಮಳಖೇಡ ಕಾಗಿಣಾ ನದಿಯ ದಂಡೆಯಲ್ಲಿದೆ. ಕಾಗಿಣಾ ಭೀಮೆಯನ್ನು ಸೇರುತ್ತದೆ. ಹಾಗಾಗಿ ಭೀಮೆಯ ಬಯಲಿನ ಮಾತಿಗೆ ತೆರೆಯ ಮೇಲೆ ನಾಯಕತ್ವ ಸಿಕ್ಕಾಗ ಈ ಮುದುಕನಿಗೆ ಸಂತೋಷವಾದುದು ಸಹಜವಷ್ಟೆ.

ಸಂತೋಷದ ಜೊತೆಗೇ ಒಂದು ಮುಳ್ಳೂ ನೆಟ್ಟಿತು. ನಗೆಗಾರನ ಬಾಯಿಯಿಂದ ಬಿಡಿಸಿಕೊಂಡ ನಮ್ಮ ಮಾತು ಹೋಗಿ ಸೇರಿದ್ದು ಹಂತಕನ ಬಾಯಿಯನ್ನು. ಇವೆರಡರ ನಡುವೆ ಮೇಷ್ಟರು ಇಲ್ಲವೆ? ಒಕ್ಕಲಿಗನಿಲ್ಲವೆ? ತೊಗರಿ ರಾಶಿ ಮಾಡುವ ಹೆಣ್ಣುಮಗಳಿಲ್ಲವೆ? ಬಾಕಿ ಮಂದಿ ಇಲ್ಲವೆ?

ಇಲ್ಲಿ ನನ್ನ ಹಳೆಯ ಅಳತೆಗೋಲನ್ನು ಹೊರಗೆ ತೆಗೆಯುತ್ತೇನೆ.

ಕೆಟ್ಟವನನ್ನು ನಾಯಕನನ್ನಾಗಿಸಿ ಬರೆಯುವುದು ತಪ್ಪೆಂದು ಹೇಳುವ ಹಕ್ಕು ಕನ್ನಡ ಮೇಷ್ಟರಿಗಂತೂ ಇಲ್ಲ. ನಮ್ಮ ಸಾಹಿತ್ಯದ ಹಿರಿಮೆಯೇ ಅಂಥ ಪಾತ್ರಗಳಲ್ಲಿದೆ. ನಾಗಚಂದ್ರನ ರಾವಣನಿಗಾಗಿ ನಾವು ಮರುಗುತ್ತೇವೆ. ರನ್ನನ ‘ಗದಾಯುದ್ಧ’ವನ್ನೇ ನೋಡಿ. ಕವಿ ಬರೆಯಹೊರಟದ್ದು ಭೀಮನ ಗೆಲುವನ್ನು. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಆದರೆ ಓದಿ ಮುಗಿಸಿದ ಸಹೃದಯನ ಎದೆಯಲ್ಲಿ ಉಳಿಯುವವನು ದುರ್ಯೋಧನ. ಈ ಪವಾಡ ನಡೆದದ್ದು ಹೇಗೆ? ರನ್ನ ತನ್ನ ದುರ್ಯೋಧನನನ್ನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ಅವನು ಒಂದೊಂದು ಹೆಣದ ಮುಂದೆಯೂ ನಿಲ್ಲಬೇಕು. ದ್ರೋಣನನ್ನು ಕಾಣಬೇಕು, ತಮ್ಮ ದುಶ್ಶಾಸನನನ್ನು ಕಾಣಬೇಕು, ಕರ್ಣನನ್ನು ಕಾಣಬೇಕು. ಅಷ್ಟೇ ಅಲ್ಲ, ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಪರಾಕ್ರಮವನ್ನು ಮೆಚ್ಚಬೇಕು. ತನ್ನ ಛಲದ ಬೆಲೆಯನ್ನು ಹೆಸರು ಹಿಡಿದು ಎಣಿಸಿದ ಮೇಲೆಯೇ ಅವನು ನಮ್ಮ ಮರುಕಕ್ಕೆ ಪಾತ್ರನಾಗುತ್ತಾನೆ. ರನ್ನನ ಕಾವ್ಯದಲ್ಲಿ ಸತ್ತವರಿಗೆಲ್ಲ ಹೆಸರಿದೆ.

ನಮ್ಮ ಭೂಗತ ಲೋಕದ ಚಿತ್ರಗಳಲ್ಲಿ ಸತ್ತವರಿಗೆ ಹೆಸರಿಲ್ಲ. ಅವರು ತಾಳಕ್ಕೆ ತಕ್ಕಂತೆ ಬೀಳುತ್ತಾರೆ. ಅವರ ಹೆಂಡಿರು ಮಕ್ಕಳ ಮನೆಗೆ ಕ್ಯಾಮರಾ ಹೋಗುವುದಿಲ್ಲ. ಕೊಲೆಗಾರನ ತಾಯಿಯ ಕಣ್ಣೀರು ನಮಗೆ ಕಾಣಿಸುತ್ತದೆ, ಕೊಲೆಯಾದವನ ತಾಯಿಯ ಕಣ್ಣೀರು ಕಾಣಿಸುವುದಿಲ್ಲ. ‘ಭೀಮಾ ತೀರದಲ್ಲಿ’ ಚಿತ್ರವನ್ನು ಕುರಿತು ನನ್ನ ಆಕ್ಷೇಪಣೆ ಇದೊಂದೇ. ಆದರೆ ಇದು ಸಣ್ಣ ಆಕ್ಷೇಪಣೆಯಲ್ಲ. ನಟ ಮರಳಿ ಲಯಕ್ಕೆ ಬಂದ, ಕಥೆ ಮಾತ್ರ ಅವನ ಎತ್ತರಕ್ಕೆ ಏರಲಿಲ್ಲ. ದುರ್ಯೋಧನನಿಗೆ ಬೇಕಾದ ನಟನಿದ್ದ, ಆದರೆ ರಣರಂಗದ ಆ ನಡಿಗೆಯನ್ನು ಅವನಿಗೆ ಯಾರೂ ಬರೆದುಕೊಡಲಿಲ್ಲ.

ಇದು ಪಂಡಿತರ ಕಾವ್ಯದ ಅಳತೆ, ಸಿನಿಮಾಕ್ಕೆ ಸಲ್ಲದು ಎಂದೀರಿ. ಹಾಗಾದರೆ ಹಳ್ಳಿಯ ಕಟ್ಟೆಯ ಮೇಲಿನ ಅಳತೆಯನ್ನೇ ತೆಗೆದುಕೊಳ್ಳೋಣ. ನಮ್ಮ ಉತ್ತರದ ನಾಡಿನಲ್ಲಿ ಕಾನೂನನ್ನು ಮೀರಿದವರ ಮೇಲೆ ಲಾವಣಿ ಕಟ್ಟಿ ಹಾಡುವುದು ಬಹಳ ಹಿಂದಿನ ಪದ್ಧತಿ. ೧೮೫೭ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ ಮಡಿದ ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿದ. ಸಂಗೊಳ್ಳಿ ರಾಯಣ್ಣನ ಮೇಲೆ, ಸಿಂಧೂರ ಲಕ್ಷ್ಮಣನ ಮೇಲೆ ಹಾಡುಗಳಿವೆ, ನಾಟಕಗಳಿವೆ. ಸರಕಾರದ ಕಾಗದಗಳಲ್ಲಿ ದರೋಡೆಕೋರರಾದ ಇವರು ಜನರ ನೆನಪಿನಲ್ಲಿ ವೀರರಾದದ್ದು ಏಕೆ? ಅವರು ಮುರಿದ ಕಾನೂನು ಊರಿನ ಪಾಲಿಗೆ ಅನ್ಯಾಯದ ಕಾನೂನಾಗಿತ್ತು. ಅವರ ಜಗಳ ಊರಿನ ಜಗಳವಾಗಿತ್ತು. ಲಾವಣಿಕಾರ ಒಬ್ಬನ ಹೆಸರು ಹಾಡಿದರೂ ಅದರ ಹಿಂದೆ ಇಡೀ ಊರು ನಿಂತಿರುತ್ತಿತ್ತು.

ಊರಿಗಾಗಿ ಅಲ್ಲದ ಕೊಲೆಯನ್ನು ನಮ್ಮ ಜನ ಹೇಗೆ ಹಾಡಿದರು? ಅದಕ್ಕೆ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಿದೆ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೊಂದರ ಮೇಲೆ ಕಟ್ಟಿದ್ದು ಅದು ಎಂಬ ಪ್ರತೀತಿಯಿದೆ. ಗೆಳೆತನ, ಮೋಹ, ಮೋಸ, ಕೊನೆಗೆ ಕೊಲೆ. ಆ ಆಟ ಮುಗಿದಾಗ ಬೆಳಗಿನ ಜಾವ ಎದ್ದು ಹೋಗುವ ಒಬ್ಬನೂ ‘ನಾನೂ ಹಾಗೆ ಆಗಬೇಕು’ ಎಂದುಕೊಂಡು ಹೋಗುವುದಿಲ್ಲ. ಎಲ್ಲರ ಮೇಲೂ ಕನಿಕರ, ಯಾರ ಮೇಲೂ ಆರಾಧನೆಯಿಲ್ಲ. ಹಳ್ಳಿಯ ಹಾಡುಗಾರರು ಸಾಧಿಸಿದ ಈ ಸಮತೂಕವನ್ನು ಕೋಟ್ಯಂತರ ರೂಪಾಯಿಯ ಸಿನಿಮಾ ಸಾಧಿಸಲಾರದೆ?

ಸಾಧಿಸಬಲ್ಲದು, ಸಾಧಿಸಿದ್ದೂ ಉಂಟು. ಅದೇ ೨೦೧೨ರಲ್ಲಿ, ಒಂದು ತಿಂಗಳು ಮೊದಲು, ಹಿಂದಿಯಲ್ಲಿ ‘ಪಾನ್ ಸಿಂಗ್ ತೋಮರ್’ ಬಂದಿತು. ಸೈನ್ಯದಲ್ಲಿದ್ದು ಓಟದಲ್ಲಿ ರಾಷ್ಟ್ರಮಟ್ಟದ ಕೀರ್ತಿ ಗಳಿಸಿದವನು ಹೊಲದ ಜಗಳದಿಂದ ಚಂಬಲ್ ಕಣಿವೆಯ ಡಕಾಯಿತನಾದ ನಿಜ ಕಥೆ ಅದು. ಇರ್ಫಾನ್ ಖಾನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಿತು. ಆ ಚಿತ್ರ ನೋಡಿದವನಿಗೆ ಬಂದೂಕಿನ ಸದ್ದಿಗಿಂತ, ದೂರು ಕೊಡಲು ಹೋದವನನ್ನು ಪೊಲೀಸ್ ಠಾಣೆಯಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳದ ಸನ್ನಿವೇಶ ಹೆಚ್ಚು ನೆನಪಿರುತ್ತದೆ. ಒಬ್ಬ ಮನುಷ್ಯ ಹೇಗೆ ಕೆಟ್ಟ ಎಂಬುದಕ್ಕೆ ಅಲ್ಲಿ ಉತ್ತರ ಸಿಗುತ್ತದೆ. ಅವನಂತೆ ಕೆಡಬೇಕೆಂಬ ಆಸೆ ಹುಟ್ಟುವುದಿಲ್ಲ. ನಮ್ಮ ವಿಜಯ್ ಅಂಥ ಕಥೆಯನ್ನು ಹೊರಬಲ್ಲ ನಟ ಎಂಬ ನಂಬಿಕೆಯಿಂದಲೇ ನಾನು ಇಷ್ಟು ಹೇಳುತ್ತಿದ್ದೇನೆ.

ಈಗ ನದಿಯ ಮಾತಿಗೆ ಬರುತ್ತೇನೆ. ಈ ಚಿತ್ರ, ಆ ಪುಸ್ತಕ, ಆಮೇಲಿನ ವರ್ಷಗಳ ಪತ್ರಿಕೆಗಳ ತಲೆಬರಹಗಳು, ಇವೆಲ್ಲ ಸೇರಿ ‘ಭೀಮಾ ತೀರ’ ಎಂದೊಡನೆ ‘ಹಂತಕರು’ ಎಂಬ ಪದ ತಾನಾಗಿ ಬಾಯಿಗೆ ಬರುವಂತಾಗಿದೆ. ಎಂಟುನೂರಕ್ಕೂ ಮಿಕ್ಕು ಕಿಲೋಮೀಟರ್ ಹರಿಯುವ ಒಂದು ನದಿ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆಂದು ಪೂಜೆಗೊಂಡು, ನಮ್ಮ ದೇವಲ ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು, ಕೊನೆಗೆ ಕೃಷ್ಣೆಯಲ್ಲಿ ಸೇರುತ್ತದೆ. ಅದರ ದಂಡೆಯಲ್ಲಿ ಅಭಂಗ ಹಾಡಿದವರಿದ್ದಾರೆ, ದತ್ತನ ಪಾದುಕೆಗೆ ನಡೆದು ಹೋಗುವವರಿದ್ದಾರೆ.

ಅದೇ ದಂಡೆಯಲ್ಲಿ, ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ೧೯೮೬ರಲ್ಲಿ ಒಂದು ಗುಡಿಯ ಮಾಳಿಗೆ ಕುಸಿದು ಬಿದ್ದಾಗ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂಬುದು ತಿಳಿಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಅವನ ಶಿಲ್ಪವೂ ದೊರಕಿತು. ಕಳಿಂಗದಲ್ಲಿ ಲಕ್ಷಾಂತರ ಜನರ ಸಾವಿಗೆ ಕಾರಣನಾಗಿ ಪಶ್ಚಾತ್ತಾಪಪಟ್ಟ ಚಕ್ರವರ್ತಿಯ ಮುಖ ಉಳಿದಿರುವುದು ಭೀಮೆಯ ದಂಡೆಯಲ್ಲಿ! ಸನ್ನತಿಯ ಆ ಕಲ್ಲಿನ ಬರಹದಲ್ಲಿ ಅವನು ತನ್ನ ಅಧಿಕಾರಿಗಳಿಗೆ ಹೇಳುವುದೇನು ಗೊತ್ತೆ? ಪ್ರಜೆಗಳೆಲ್ಲರೂ ನನ್ನ ಮಕ್ಕಳು. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕದಿರಿ, ಹಿಂಸಿಸದಿರಿ ಎಂಬ ಭಾವದ ಆದೇಶ ಅದು. ಹಂತಕ ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಇದೇ ದಂಡೆಯಲ್ಲಿ ಅರ್ಧ ಉತ್ತರವನ್ನು ಕೆತ್ತಿಟ್ಟಿದ್ದರು. ನ್ಯಾಯ ಸಿಗದ ಕಡೆ ಕತ್ತಿ ಬರುತ್ತದೆ.

ಇನ್ನರ್ಧ ಉತ್ತರ ನಮ್ಮ ಶರಣರಲ್ಲಿದೆ. ಉರಿಲಿಂಗಪೆದ್ದಿಯ ಕಥೆಯನ್ನು ನಮ್ಮ ಭಾಗದವರು ಕೇಳಿಯೇ ಇರುತ್ತೀರಿ. ಅಸ್ಪೃಶ್ಯರೆನಿಸಿದ ಕುಲದಲ್ಲಿ ಹುಟ್ಟಿ, ಕಳ್ಳನಾಗಿ, ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಮರೆಯಿಂದ ಕಂಡು, ಕದಿಯುವುದನ್ನು ಮರೆತು ನಿಂತವನು ಆತ. ಕೊನೆಗೆ ಆ ಗುರುವಿನ ಪೀಠಕ್ಕೇ ಉತ್ತರಾಧಿಕಾರಿಯಾದ ಎಂದು ಪರಂಪರೆ ಹೇಳುತ್ತದೆ. ಕಳ್ಳನ ಮುಂದೆಯೂ ಒಂದು ಬಾಗಿಲು ತೆರೆದಿತ್ತು. ಅವನು ಒಳಗೆ ಬಂದಾಗ ಯಾರೂ ಅದನ್ನು ಮುಚ್ಚಲಿಲ್ಲ. ನಮ್ಮ ಕಾಲದ ಚಂದಪ್ಪನ ಮುಂದೆ ಅಂಥ ಬಾಗಿಲು ಎಷ್ಟು ತೆರೆದಿದ್ದವು ಎಂದು ಕೇಳಬೇಕಾದದ್ದು ಸಿನಿಮಾವನ್ನು ಮಾತ್ರವಲ್ಲ, ನಮ್ಮನ್ನು ಕೂಡ.

ಕೇಳುಗರೆ, ನಾನು ಹುಟ್ಟಿದ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸಿಕ್ಕುವ ಊರು. ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಕಳೆದ ವರ್ಷ ಅಲ್ಲಿಗೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿ ಬಾಳೆಹಣ್ಣಿನ ಬುಟ್ಟಿಗಳ ಪಕ್ಕ ಒಂದು ಮೋಟಾರ್ ಸೈಕಲ್ ನಿಂತಿತ್ತು. ಅದರ ಹಿಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಭೀಮಾ ತೀರ’ ಎಂದು ಬರೆಸಿತ್ತು, ಕೆಳಗೆ ಒಂದು ಪಿಸ್ತೂಲಿನ ಚಿತ್ರ. ಗಾಡಿಯ ಹುಡುಗ ನಮ್ಮ ಓಣಿಯವನೇ, ಹಣ್ಣು ಮಾರುವ ಹೆಣ್ಣುಮಗಳ ಮಗ. ಮೀಸೆ ತಿರುವಿಕೊಂಡಿದ್ದ.

“ಏನೋ ತಮ್ಮಾ, ಭೀಮಾ ಹೊಳಿ ಇಲ್ಲಿಂದ ಎಷ್ಟು ದೂರ ಅದ ಗೊತ್ತದ ಏನು ನಿನಗ?” ಎಂದೆ.

ನಕ್ಕುಬಿಟ್ಟ. “ಗೊತ್ತಿಲ್ರಿ ಮುತ್ತ್ಯಾ. ಹೊಳಿ ನಾ ನೋಡೇ ಇಲ್ಲ. ಫೋನಿನಾಗ ಪಿಚ್ಚರ್ ನೋಡೀನಿ. ಹಿಂಗ ಬರಸಿದ್ರ ಮಂದಿ ಅಂಜ್ತಾರ‍್ರಿ.”

“ಅಂಜಿಸಿ ಏನ್ ಮಾಡ್ತಿ?”

ಉತ್ತರವಿರಲಿಲ್ಲ. ತಾಯಿ ಬುಟ್ಟಿಯ ಆಚೆಯಿಂದ, “ಕೇಳ್ರಿ ಸರ, ನೀವರ ಕೇಳ್ರಿ. ಕಾಲೇಜ್ ಬಿಟ್ಟು ಕುಂತಾನ” ಎಂದಳು.

ನಾನು ಆ ಹುಡುಗನಿಗೆ ಉಪದೇಶ ಮಾಡಲಿಲ್ಲ. ಉಪದೇಶ ಕೇಳಿ ಯಾರೂ ಗಾಡಿಯ ಮೇಲಿನ ಬರಹ ಅಳಿಸಿದ್ದನ್ನು ನಾನು ಕಂಡಿಲ್ಲ. ಬದಲಿಗೆ ಊರ ಸುತ್ತಿನ ಹಳ್ಳದ ಕಥೆ ಹೇಳಿದೆ. ಈ ಸೀಮೆಯ ನೀರು ಗಂಡೋರಿ ನಾಲೆಗೆ, ಅಲ್ಲಿಂದ ಬೆಣ್ಣೆತೊರೆಗೆ, ಬೆಣ್ಣೆತೊರೆಯಿಂದ ಕಾಗಿಣಾಕ್ಕೆ, ಕಾಗಿಣಾದಿಂದ ಭೀಮೆಗೆ ಹೋಗುತ್ತದೆ. “ಹಂಗಾದ್ರ ನಮ್ಮೂರೂ ಭೀಮಾ ತೀರಾನೇ ಆತಲ್ರಿ!” ಎಂದು ಅವನಿಗೆ ಖುಷಿಯಾಯಿತು. “ಹೌದು. ನಿಮ್ಮವ್ವನ ಬಾಳಿಹಣ್ಣೂ ಭೀಮಾ ತೀರದ್ದೇ. ಅದನ್ನೂ ಗಾಡಿ ಮ್ಯಾಲ ಬರಸು” ಎಂದೆ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ಬರೆಸಿದನೋ ಇಲ್ಲವೋ ನಾನರಿಯೆ.

ನಗುವಂಥ ಸಂಗತಿ ಎಂದು ನೀವು ಬಿಟ್ಟುಬಿಡಬಹುದು. ಆದರೆ ಅಂದು ಚಿತ್ರಮಂದಿರದಲ್ಲಿ ನನ್ನ ಪಕ್ಕ ಕೈ ಕಟ್ಟಿ ಕುಳಿತಿದ್ದ ವಿದ್ಯಾರ್ಥಿಯ ಮುಂದಿನ ಕಥೆಯನ್ನೂ ಕೇಳಿ. ಎಂ.ಎ. ಮುಗಿಸಿ ದೂರದ ಪಟ್ಟಣವೊಂದಕ್ಕೆ ಕೆಲಸದ ಸಂದರ್ಶನಕ್ಕೆ ಹೋದ. ಊರು ಯಾವುದೆಂದು 묻ದೆ ಬಿಡುವರೆ? ಹೇಳಿದ. ಕುಳಿತಿದ್ದವರಲ್ಲಿ ಒಬ್ಬರು ನಗುತ್ತ, “ಭೀಮಾ ತೀರದವರೇನ್ರಿ? ಕೆಲಸ ಕೊಡದಿದ್ದರೆ ನಮ್ಮ ಗತಿ?” ಎಂದರಂತೆ. ಎಲ್ಲರೂ ನಕ್ಕರಂತೆ. ಇವನೂ ನಕ್ಕನಂತೆ. ಕೆಲಸ ಸಿಗಲಿಲ್ಲ. ಸಿಗದಿದ್ದುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ನಗುವಿನಲ್ಲಿ ತಾನೂ ಸೇರಿಕೊಳ್ಳಬೇಕಾಗಿ ಬಂದದ್ದನ್ನು ಅವನು ನನಗೆ ಹೇಳುವಾಗ ಅವನ ಗಂಟಲು ಕಟ್ಟಿತ್ತು. ಈಗ ಅವನು ನಮ್ಮ ಜಿಲ್ಲೆಯಲ್ಲಿಯೇ ಶಾಲೆಯ ಮೇಷ್ಟರಾಗಿದ್ದಾನೆ, ಒಳ್ಳೆಯ ಮೇಷ್ಟರು. ಬಾಕಿ ಮಂದಿಯಲ್ಲಿ ಒಬ್ಬ.

ಒಂದು ಚಿತ್ರ ಇಷ್ಟಕ್ಕೆಲ್ಲ ಹೊಣೆಯೆಂದು ನಾನು ಹೇಳುತ್ತಿಲ್ಲ. ಕೊಲೆಗಳು ನಡೆದದ್ದು ನಿಜ, ಹಳ್ಳಿಗಳು ಅಂಜಿದ್ದು ನಿಜ. ಅದನ್ನು ಮುಚ್ಚಿಡುವುದು ಊರಿನ ಅಭಿಮಾನವಲ್ಲ. ನಾನು ಹೇಳುವುದಿಷ್ಟು: ನಟ ದೊಡ್ಡವನಾದಷ್ಟೂ ಅವನು ಎರವಲು ಪಡೆದ ನೆಲಕ್ಕೆ ಸಾಲ ಹೆಚ್ಚುತ್ತದೆ. ಸಾಧಾರಣ ನಟ ಹಂತಕನಾದರೆ ಜನ ಮೂರು ದಿನದಲ್ಲಿ ಮರೆಯುತ್ತಾರೆ. ಲಯ ಕೂಡಿ ಬಂದ ನಟ ಹಂತಕನಾದರೆ ಆ ಮುಖ ನದಿಯ ಮೇಲೆ ಅಚ್ಚೊತ್ತಿ ನಿಲ್ಲುತ್ತದೆ. ವಿಜಯ್ ಕೆಟ್ಟದಾಗಿ ಅಭಿನಯಿಸಿದ್ದರೆ ಕಮಲಾಪುರದ ಆ ಹುಡುಗನ ಗಾಡಿಯ ಮೇಲೆ ಬಹುಶಃ ಬೇರೇನೋ ಬರಹ ಇರುತ್ತಿತ್ತು.

ಆ ನಟ ಆಮೇಲೆ ತಾವೇ ನಿರ್ದೇಶನಕ್ಕೂ ಇಳಿದರು. ೨೦೨೧ರಲ್ಲಿ ‘ಸಲಗ’ ಬಂತು. ಮತ್ತೆ ಭೂಗತ ಲೋಕ. ೨೦೨೪ರಲ್ಲಿ ‘ಭೀಮ’ ಬಂತು. ಹೆಸರು ಕೇಳಿ ನಮ್ಮ ನದಿ ಮತ್ತೆ ಬಂತೇನೋ ಎಂದುಕೊಂಡೆ. ಅದು ಬೆಂಗಳೂರಿನ ಕಥೆ, ಎಳೆಯ ಹುಡುಗರು ಮಾದಕ ವಸ್ತುವಿಗೆ ಬಲಿಯಾಗುವುದನ್ನು ಕುರಿತದ್ದು. ಅಲ್ಲಿಯೂ ಕತ್ತಿ ಕಠಾರಿ ಧಾರಾಳವಾಗಿವೆ. ಆದರೂ ಸತ್ತವರು ಯಾರು, ಹಾಳಾದವರು ಯಾರು ಎಂದು ಕೇಳುವ ಒಂದು ಮನಸ್ಸು ಅದರ ಹಿಂದೆ ಕಾಣುತ್ತದೆ. ಅದನ್ನು ಕಂಡು ಸಮಾಧಾನವಾಯಿತು. ರಣರಂಗದ ಆ ನಡಿಗೆ ಈ ನಟನಿಗೆ ಇಂದಲ್ಲ ನಾಳೆ ದೊರಕೀತು.

ಎಂದಾದರೊಂದು ದಿನ ನಮ್ಮ ಸೀಮೆಯ ಮಾತು ಬಲ್ಲ ಯಾರಾದರೂ ಭೀಮಾ ತೀರದ ಮೇಲೆ ಇನ್ನೊಂದು ಚಿತ್ರ ತೆಗೆಯಲಿ. ಅದರಲ್ಲಿ ಹಂತಕನೂ ಇರಲಿ. ಅವನನ್ನು ಬಿಟ್ಟರೆ ಕಥೆ ಸುಳ್ಳಾದೀತು. ಆದರೆ ಅವನು ಒಂದೊಂದು ಮನೆಯ ಮುಂದೆಯೂ ನಿಲ್ಲಲಿ. ಒಳಗಿನಿಂದ ಯಾರಾದರೂ ಹೊರಗೆ ಬಂದು ಸತ್ತವನ ಹೆಸರು ಹೇಳಲಿ. ಆಗ ನಾನಿದ್ದರೆ, ಎಷ್ಟೇ ಬಿಸಿಲಿರಲಿ, ಕೋಲೂರಿಕೊಂಡಾದರೂ ಹೋಗಿ ನೋಡುತ್ತೇನೆ. ಪಕ್ಕದ ಕುರ್ಚಿಯಲ್ಲಿ ನನ್ನ ಆ ವಿದ್ಯಾರ್ಥಿಯನ್ನೂ ಕೂರಿಸಿಕೊಳ್ಳುತ್ತೇನೆ.